ಜಯಂತಿಯ ಮಂದಿ

ಪ್ರಣಿತಾ ಬಿಳಿ ಚಾದರಕ್ಕೆ ಇಸ್ತ್ರಿ ಹಾಕಿದಳು. ಗೋಡೆಯ ಮೇಲಿದ್ದ ಅಪ್ಪ ಪಂಢರಿಯ ಫೋಟೊ ಇಳಿಸಿ, ಅದೇ ಮೊಳೆಗೆ ಚಾದರ ಕಟ್ಟಿದಳು. ಅವ್ವ ಕೌಸಲ್ಯಾಬಾಯಿ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡಳು. ಹೋದ ವರ್ಷ ತೀರಿಕೊಂಡ ಅಪ್ಪ, ಮಗ ರತ್ನದೀಪನ ಡ್ರಮ್ಮಿಗೆ 'ಡಬ್ಬಿ ಬಡಿಯೋದು' ಎನ್ನುತ್ತಿದ್ದ. ಒಮ್ಮೆಯೂ ಕೇಳಲು ಹೋಗಿರಲಿಲ್ಲ.

ಭಾಲ್ಕಿಯ ಆ ಒಂದೇ ಕೋಣೆಯಲ್ಲಿ ಬ್ಯಾಂಡಿನ ಹುಡುಗರು ಒತ್ತಿ ಕೂತರು. ಡಿಸೆಂಬರಿನಲ್ಲಿ ಔರಾದದಲ್ಲಿ ಕೊಟ್ಟ ರಾಕ್ ಕಾರ್ಯಕ್ರಮವನ್ನು ಗಿಟಾರಿನ ಧಮ್ಮಪಾಲ ಸಿನಿಮಾ ಮಾಡಿದ್ದ. ನಾಳೆ ಬೀದರಿನಲ್ಲಿ ಮೊದಲ ಪ್ರದರ್ಶನ; ಇವತ್ತು ಚಾದರದ ಮೇಲೆ ತಾವೇ ಒಮ್ಮೆ ನೋಡುವುದಿತ್ತು.

ಮೊದಲ ಹಾಡಿಗೇ ಪ್ರಣಿತಾಳ ಮೈ ಜುಮ್ಮೆಂದಿತು. ಡ್ರಮ್ಮಿನ ಮೇಲೆ ಬಿದ್ದ ಅಣ್ಣನ ಬೆವರ ಹನಿ ಪ್ರತಿ ಏಟಿಗೂ ಜಿಗಿಯುತ್ತಿತ್ತು. ಆಮೇಲೆ ಹೊಗೆ ಬಂತು. ಹೊಗೆಯೊಳಗೆ ಕೋಟೆ, ಮತ್ತೆ ಹೊಗೆ. ಧಮ್ಮಪಾಲ ನಿಧಾನಗತಿಯಲ್ಲಿ ಕೂದಲು ಕೊಡವಿ ಮುಗಿಸುವಷ್ಟರಲ್ಲಿ ಒಂದು ರೊಟ್ಟಿ ಬೇಯಬಹುದಿತ್ತು.

"ಔರಾದದಾಗ ಕ್ವಾಟಿ ಎಲ್ಲಿ ಬಂತೋ?" ಅವ್ವ ಕೇಳಿದಳು.

"ಬೀದರಿಂದು ತಂದು ಹಚ್ಚೇನ್ರಿ ಕಾಕೂ," ಎಂದ ಧಮ್ಮಪಾಲ. "ಪಿಚ್ಚರ್ ಅಂದ್ರ ಹಂಗೇ."

ಆಗ ಜನ ಕಂಡರು. ರಸ್ತೆ ತುಂಬ ಜನ. ಪ್ರಣಿತಾ ಮುಂದೆ ಬಾಗಿದಳು. ಔರಾದದ ಆ ಸಂಜೆ ಅವಳೂ ಅಲ್ಲಿದ್ದಳು. ಅರ್ಧ ಕುರ್ಚಿ ಖಾಲಿ ಇದ್ದವು, ಬಂದವರು ಮಫ್ಲರ್ ಸುತ್ತಿ ಕೂತಿದ್ದರು. ಇವರೆಲ್ಲ ಬಿಳಿ ಬಟ್ಟೆಯಲ್ಲಿ, ತಾಳ ತಪ್ಪಿ ಕುಣಿಯುತ್ತಿದ್ದರು.

"ಅಣ್ಣಾ, ಇದು ನಮ್ಮ ಜಯಂತಿ ಮೆರವಣಿಗಿ," ಎಂದಳು. ದನಿ ಅವಳಿಗೇ ದೊಡ್ಡದೆನಿಸಿತು. "ಬಿಳಿ ಬಟ್ಟಿ ಉಟ್ಟು ರಾಕ್ ನೋಡ್ಲಾಕ ಯಾರ್ ಬರ್ತಾರ? ಮ್ಯಾಲಿನ ನೀಲಿ ಝಂಡಾ ಅಷ್ಟೇ ಕತ್ತರಿಸ್ಯಾರ."

"ಸಾಲಿ ಬಿಟ್ಟಾಕಿ ನನಗ ಎಡಿಟಿಂಗ್ ಕಲಸ್ತಾಳ!" ಧಮ್ಮಪಾಲ ನಕ್ಕ.

ರತ್ನದೀಪ ನಗಲಿಲ್ಲ. "ಲೇ, ಖರೇನಾ?"

"ನನ್ನ ಫೋನಿನಾಗ ಜಯಂತಿದು ಹಳೀ ವಿಡಿಯೋ ಇತ್ತು. ಖಾಲಿ ಕುರ್ಚಿ ತೋರಸ್ಲೇನು?" ಎಂದ ಧಮ್ಮಪಾಲ.

"ನಾಳಿ ತಮ್ಮ ಮಾರಿ ತಾವೇ ಗುರ್ತು ಹಿಡೀತಾರ. ಬಾಬಾಸಾಹೇಬರ ಜಯಂತಿಗಿ ಬಂದ ಮಂದೀನ ನಮ್ಮ ಹಾಡಿಗಿ ಕುಣಿಸಿದ್ರ ಬಿಡ್ತಾರ? ತೆಗಿ. ಪೂರಾ ತೆಗಿ," ಎಂದ ರತ್ನದೀಪ.

"ತೆಗೀತೇನಿ ಬಿಡೋ," ಎಂದು ಧಮ್ಮಪಾಲ ಲ್ಯಾಪ್‌ಟಾಪ್ ಎಳೆದುಕೊಂಡ.

ಚಾದರದ ಮೇಲೆ ಚಿತ್ರ ಇನ್ನೂ ಓಡುತ್ತಿತ್ತು. ಗುಂಪಿನ ಅಂಚಿನಲ್ಲಿ ಒಬ್ಬ ಮನುಷ್ಯ ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ಯಾರನ್ನೋ ಹುಡುಕುತ್ತಿದ್ದ. ಕಂಡರೇನೋ, ನಕ್ಕ. ಹೆಗಲ ಟವೆಲ್ ಸರಿಮಾಡಿಕೊಂಡು ತಲೆ ಆಡಿಸಿದ. ಸುತ್ತಲಿನವರೆಲ್ಲ ತಾಳ ತಪ್ಪುತ್ತಿದ್ದರೆ, ಅವನ ತಲೆ ಮಾತ್ರ ರತ್ನದೀಪನ ಡ್ರಮ್ಮಿನ ಒಂದೊಂದು ಏಟಿಗೂ ಸರಿಯಾಗಿ ಬಾಗುತ್ತಿತ್ತು. ಇಸ್ತ್ರಿ ಹಾಕಿದ ಬಟ್ಟೆಯ ಮೇಲೆ ಅಪ್ಪನ ಮುಖಕ್ಕೆ ಒಂದು ಮಡಿಕೆಯೂ ಇರಲಿಲ್ಲ.

ಮತ್ತೆ ಹೊಗೆ ಬಂತು. ಧಮ್ಮಪಾಲನ ಬೆರಳು ಡಿಲೀಟ್ ಕೀಲಿಯ ಮೇಲೆ ನಿಂತಿತ್ತು. ರತ್ನದೀಪ ನೆಲ ನೋಡುತ್ತಿದ್ದ.

ಕೌಸಲ್ಯಾಬಾಯಿ ತೊಡೆಯ ಮೇಲಿನ ಫೋಟೊವನ್ನು ಮಗ್ಗುಲಿಗೆ ಸರಿಸಿದಳು.

"ಅದೊಂದು ಇರ್ಲಿ ಬಿಡ್ರಪ್ಪಾ," ಎಂದಳು. "ತೆಗೀಬ್ಯಾಡ್ರಿ."