ಕಲಿಯುವವರೆಗೆ ಇರಲಿ

"ಅಂದ್ರೆ ನಾಳೆಯಿಂದ ನಂಗೆ ಬಾಗಿಲಿಲ್ಲ ಅನ್ನು," ಎಂದು ಫೋನಿನಲ್ಲಿ ಗುರುಗಳು ನಕ್ಕರು. ಅವಳಿಗೆ ನಗು ಬರಲಿಲ್ಲ.

ಗ್ರಂಥಾಲಯದ ಸರ್ವರ್ ನೋಡಿಕೊಳ್ಳುವುದನ್ನು ಅವಳಿಗೆ ಕಲಿಸಿದವರು ಅವರೇ. ನಿವೃತ್ತರಾಗಿ ಆರು ವರ್ಷವಾದರೂ ದಿನಾ ಹತ್ತಕ್ಕೆ ಸರಿಯಾಗಿ ಮನೆಯಿಂದಲೇ ಒಳಬಂದು ಹಳೆಯ ಪುಸ್ತಕಪಟ್ಟಿಯ ತಪ್ಪು ತಿದ್ದುತ್ತಿದ್ದರು. ಅದೊಂದು ಬಿಟ್ಟರೆ ಅವರ ದಿನಕ್ಕೆ ಬೇರೆ ಆಸರೆ ಇರಲಿಲ್ಲ.

ಸರ್ವರಿನೊಳಗೆ ಬರಲು ಸಿಬ್ಬಂದಿಗೆ ತಮ್ಮ ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವ ಕೀಲಿ-ಫೈಲು, ಹೊರಗಿನವರಿಗೆ ಪಾಸ್‌ವರ್ಡ್. ಇದು ಅವರೇ ಹಾಕಿದ ನಿಯಮ. ಈಗ ಎಲ್ಲರಿಗೂ ಕೀಲಿಯೇ ಆಗಬೇಕೆಂದು ಮೇಲಧಿಕಾರಿಯ ಅಪ್ಪಣೆ. ಅವಳು ಎರಡು ಸಲ ಮಾಡಿಕೊಟ್ಟ ಕೀಲಿಯನ್ನು ಗುರುಗಳು ಎಲ್ಲೋ ಇಟ್ಟು ಮರೆತಿದ್ದರು. ಪಾಸ್‌ವರ್ಡ್ ಮಾತ್ರ ಬೆರಳಿಗೇ ನೆನಪಿತ್ತು.

"ಒಬ್ರಿಗೆ ವಿನಾಯ್ತಿ ಕೊಡಬಹುದಂತೆ. ಕಾರಣ ಬರೀಬೇಕು. ನಿಮ್ಮ ಹೆಸರು ಹಾಕ್ಲಾ ಸಾರ್?"

"ಏನಂತ ಬರೀತೀಯ? ಮುದುಕನಿಗೆ ಮರೆವು ಅಂತಾನಾ? ಬೇಡ ಬಿಡಮ್ಮ."

ಅವಳು ಸರ್ವರಿನ ನಿಯಮದ ಫೈಲು ತೆರೆದಳು. ಆರು ವರ್ಷದಲ್ಲಿ ಅದರ ತಳದವರೆಗೆ ಇಳಿಯುವ ಪ್ರಮೇಯವೇ ಬಂದಿರಲಿಲ್ಲ. ಸಿಬ್ಬಂದಿಯ ನಿಯಮದ ಮೇಲೆ ಇನ್ನೊಂದು ನಿಯಮವಿತ್ತು, ಅವಳೊಬ್ಬಳ ಹೆಸರಿಗೆ. ಪಕ್ಕದಲ್ಲಿ ಗುರುಗಳ ಟಿಪ್ಪಣಿ. ಅವಳು ಗಟ್ಟಿಯಾಗಿ ಓದಿದಳು:

"ಹುಡುಗಿ ಹೊಸಬಳು. ಮೂರು ಸಲ ಕೀಲಿ ಕಳೆದಿದ್ದಾಳೆ. ಬೈದರೆ ಅಳುತ್ತಾಳೆ. ಕಲಿಯುವವರೆಗೆ ಪಾಸ್‌ವರ್ಡ್ ಇರಲಿ."



"ನೀನು ಕಲಿತೆಯಲ್ಲ. ಅಳಿಸೋದು ಮರೆತೆ."

"ನಾನು ಅತ್ತಿದ್ದು ಒಂದೇ ಸಲ ಸಾರ್."

"ಎರಡು ಸಲ. ಮರೆವು ಅಂತ ಎಲ್ಲಾ ಮರೀತೀನಾ?"

ಅವಳು ತನ್ನ ಹೆಸರು ಅಳಿಸಿ ಅವರ ಹೆಸರು ಬರೆದಳು. ಅವರ ಮನೆಯ ಇಂಟರ್ನೆಟ್ ಸಂಪರ್ಕದಿಂದ ಮಾತ್ರ ಎಂದು ಬಿಗಿ ಮಾಡಿದಳು. ಕಾರಣದ ಸಾಲಿನಲ್ಲಿ ಹಳೆಯ ಟಿಪ್ಪಣಿಯ ಕೊನೆಯ ವಾಕ್ಯವನ್ನಷ್ಟೇ ಉಳಿಸಿಕೊಂಡಳು.

"ಈಗ ಒಳಗೆ ಬನ್ನಿ ಸಾರ್, ನೋಡೋಣ."

"ಹಳೇ ಕಿಟಕಿ ಮುಚ್ಚಿಲ್ಲ ತಾನೇ?"

ನಿಯಮ ಬದಲಿಸಿದವರು ತಾವು ಮೊದಲೇ ಸರ್ವರಿನೊಳಗಿರುವ ಪರದೆಯ ಕಿಟಕಿಯನ್ನು ಮುಚ್ಚಬಾರದು. ಹೊಸದು ಕೈಕೊಟ್ಟರೆ ಮರಳಲು ಅದೊಂದೇ ದಾರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಅದನ್ನು ಮುಚ್ಚಿ, ಇಡೀ ಕಚೇರಿಯನ್ನು ಅರ್ಧ ದಿನ ಹೊರಗೆ ನಿಲ್ಲಿಸಿದ್ದಳು. ಎರಡನೆಯ ಸಲ ಅತ್ತದ್ದು ಆಗಲೇ ಇರಬೇಕು.

"ಮುಚ್ಚಿಲ್ಲ ಸಾರ್."

ಫೋನಿನಲ್ಲಿ ಕೀಲಿಮಣೆಯ ಸದ್ದು ಒಂದೊಂದಾಗಿ, ತಡೆದು ತಡೆದು ಕೇಳಿಸಿತು. ಪರದೆಯ ಮೇಲೆ ಅವರ ಹೆಸರು ಮೂಡಿತು. ಹೊಸ ಕಿಟಕಿಯಲ್ಲಿ ತಾನೂ ತನ್ನ ಕೀಲಿಯಿಂದ ಒಳಗೆ ಹೋಗಿ ನೋಡಿದಳು, ಎಲ್ಲ ಸರಿಯಿತ್ತು. ಆದರೂ ಹಳೆಯ ಕಿಟಕಿ ಸಂಜೆಯವರೆಗೆ ತೆರೆದೇ ಇತ್ತು.