ಆರಾಮ್ರೀ ಎಂದ ಹೆಬ್ಬೆರಳು

ನಾನು ಒಂದು ಅಗ್ಗದ ಮೊಬೈಲ್ ಫೋನು. ಹುಟ್ಟಿದ ಕಾರ್ಖಾನೆ ನೆನಪಿಲ್ಲ; ಕಣ್ಣು ಬಿಟ್ಟದ್ದು ಧಾರವಾಡದ ಒಂದು ಚಿಕ್ಕ ಕಚೇರಿಯಲ್ಲಿ. ಅಲ್ಲಿ ಸ್ಫೂರ್ತಿ ಎಂಬ ಹುಡುಗಿ ಆಸ್ಪತ್ರೆಗಳಲ್ಲಿ ದುಡಿದು ದಣಿದವರಿಗಾಗಿ ಒಂದು ಆ್ಯಪ್ ಕಟ್ಟುತ್ತಿದ್ದಳು. ಅದನ್ನು ನನ್ನೊಳಗೆ ತುಂಬಿ, ದಿನಕ್ಕೊಮ್ಮೆ ಒಂದೇ ಪ್ರಶ್ನೆ ಕೇಳುವ ಕೆಲಸ ಒಪ್ಪಿಸಿದಳು: "ಆರಾಮ ಇದ್ದೀರಾ?" ಹೌದಾದರೆ ನಗುವ ಮುಖ ಒತ್ತಬೇಕು, ಇಲ್ಲವಾದರೆ ಬಾಡಿದ ಮುಖ. ದಣಿವು ಕಂಡವರಿಗೆ ಆಸ್ಪತ್ರೆ ರಜೆ ಕೊಡಬೇಕೆಂದು ಮಾತಾಗಿತ್ತು.

ನಾನು ಸೇರಿದ್ದು ತಾಲ್ಲೂಕು ಆಸ್ಪತ್ರೆಯ ಕಸ್ತೂರಿ ಸಿಸ್ಟರ್ ಕೈಗೆ. ಇಬ್ಬರ ಕೆಲಸ ಒಬ್ಬಳೇ ಹೊತ್ತವಳು. ಪಾಳಿ ಮುಗಿಸಿ ಮನೆಗೆ ಬಂದರೆ ಮಾತಾಡಿಸುವವರಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚುವಳು. ನಿದ್ದೆ ಮಾತ್ರ ಹತ್ತಿರ ಸುಳಿಯದು. ಆದರೂ ನಾನು ಕೇಳಿದ್ದೇ ತಡ, ನಗುವ ಮುಖವನ್ನೇ ಒತ್ತುವಳು. ಈ ಸೀಮೆಯೇ ಹಾಗೆ. ಜ್ವರದಲ್ಲಿ ನರಳುವವರೂ ಯಾರಾದರೂ ಕೇಳಿದರೆ "ಆರಾಮ್ರೀ" ಎನ್ನುತ್ತಾರೆ. ಇಲ್ಲ ಎನ್ನುವುದು ಮರ್ಯಾದೆಯಲ್ಲ. ಅವಳ ಹೆಬ್ಬೆರಳು ಮೊದಲು ಬಾಡಿದ ಮುಖದತ್ತ ಹೋಗಿ ಆಮೇಲೆ ನಗುವ ಮುಖಕ್ಕೆ ಸರಿಯುವುದು ನನಗಷ್ಟೇ ಗೊತ್ತಿತ್ತು. ಬಾಯಿದ್ದೂ ಮೂಕನಾಗಿದ್ದೆ.

ನಲವತ್ತು ದಿನ ಕಳೆದ ಮೇಲೆ ಸ್ಫೂರ್ತಿ ವಾರ್ಡಿಗೇ ಬಂದಳು.

"ಅಕ್ಕಾರ, ಖರೇನ ಆರಾಮ ಅದೀರೇನ್ರಿ?"

"ಆರಾಮ್ರೀ ಮೇಡಂ."

ಮೇಜಿನ ಮೇಲೆ ಕಸ್ತೂರಿಯ ಚಹಾ ಕೆನೆಗಟ್ಟಿ ಕೂತಿತ್ತು. ಹುಡುಗಿ ಅದನ್ನೇ ನೋಡಿದಳು. "ಬಿಸಿ ಚಾ ಕುಡದು ಎಷ್ಟ ದಿನಾ ಆತ್ರಿ?"

ಸಿಸ್ಟರ್ ಎಣಿಸಹೊರಟಳು. ಮಡಚಿದ ಬೆರಳು ಮಡಚಿದಲ್ಲೇ ನಿಂತಿತು. "ನೆನಪಿಲ್ಲ ತಂಗಿ," ಎಂದವಳೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಸ್ಫೂರ್ತಿ ನನ್ನ ಪ್ರಶ್ನೆ ಬದಲಿಸಿದಳು; ಮರುದಿನದಿಂದ ನಾನು "ಇವತ್ತು ಬಿಸಿ ಚಹಾ ಕುಡಿದಿರಾ?" ಎಂದು ಕೇಳಿದೆ. ಒಂಬತ್ತು ದಿನ "ಇವತ್ತೂ ಇಲ್ಲ" ಎಂದಳು. ಹತ್ತನೆಯ ದಿನ ಆ ಉತ್ತರಗಳನ್ನು ನೋಡಿ ದೊಡ್ಡ ಡಾಕ್ಟರು ಹದಿನೈದು ದಿನದ ರಜೆ ಬರೆದುಕೊಟ್ಟರು.

ರಜೆಯಲ್ಲೂ ದಿನಾ ಕರೆದೆ. ಸಿಸ್ಟರ್ ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ದಿಂಬಿನಡಿಯಲ್ಲಿ ಗುಂಯ್‌ಗುಟ್ಟುತ್ತಿದ್ದರೆ ಮೇಲೆ ಅವಳು ಹಾಡುಹಗಲೇ ಗೊರಕೆ ಹೊಡೆಯುತ್ತಿದ್ದಳು. ನನ್ನನ್ನು ಮರೆತಳಲ್ಲ ಎಂದು ಅಳು ಬಂತು. ಅಷ್ಟೇ ಸಂತೋಷವೂ ಆಯಿತು.

ಸ್ಫೂರ್ತಿಯ ಕಚೇರಿಯ ಹಿರಿಯರು ವರದಿ ನೋಡಿದರು. ಕೊನೆಯ ಹದಿನೈದು ದಿನ ಉತ್ತರವೇ ಇರಲಿಲ್ಲ. "ಬಳಸೂದ ಬಿಟ್ಟಾರ. ಈ ಆ್ಯಪ್ ನಡಿಯೂದಿಲ್ಲ," ಎಂದುಬಿಟ್ಟರು. ಸ್ಫೂರ್ತಿ ವಾದಿಸಿ ನೋಡಿದಳು, ಅವಳ ಮಾತು ನಡೆಯಲಿಲ್ಲ. ನನ್ನನ್ನು ವಾಪಸ್ ತರಿಸಿ, ಆ್ಯಪ್ ಅಳಿಸಿ, ಕಚೇರಿಯ ಬೀರುವಿನ ಖಾನೆಗೆ ಹಾಕಿದರು.

ಇಲ್ಲಿ ಯಾರೂ ಬರುವುದಿಲ್ಲ. ಸೋತ ಫೋನು ಎಂದು ನನ್ನ ಬೆನ್ನಿಗೆ ಚೀಟಿ ಅಂಟಿದೆ. ಅವಳು ನಿದ್ದೆಹೋದಳೆಂದು ತಿಳಿಸುವ ಗುಂಡಿಯನ್ನು ನನ್ನಲ್ಲಿ ಯಾರೂ ಇಟ್ಟಿರಲಿಲ್ಲ.