ತಟ್ಟದೆ ಎತ್ತಿದ ಮೂಟೆ

ಭೂತಯ್ಯನವರು ಈಗ ನಡೆಯುವಾಗ ಎಡಕ್ಕೆ ವಾಲುತ್ತಾರೆ, ಪಕ್ಕದಲ್ಲಿ ಯಾರೋ ಕುಳ್ಳಗಿನವರು ಮಾತಾಡುತ್ತ ಬರುತ್ತಿದ್ದು ಅದಕ್ಕೆ ಕಿವಿಗೊಟ್ಟಂತೆ. ಜಾವಳಿಯ ಹತ್ತಿರದ ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷ ಕಾಫಿ ಮೂಟೆ ಹೊತ್ತ ಬೆನ್ನು ಅದು. ಅಲ್ಲಿಯ ಕೂಲಿಯಾಳುಗಳ ಲೈನ್ ಮನೆಯಲ್ಲೇ ಹುಟ್ಟಿ, ಡಿಗ್ರಿ ಮುಗಿಸಿ, ಅಲ್ಲಿಯೇ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ ನನಗೆ ಆ ಬೆನ್ನು ನೆಟ್ಟಗಿದ್ದ ಕಾಲ ಚೆನ್ನಾಗಿ ನೆನಪಿದೆ.

ಎತ್ತುವ ಮೊದಲು ಪ್ರತಿ ಮೂಟೆಯನ್ನೂ ಅಂಗೈಯಿಂದ ಎರಡು ಸಲ ತಟ್ಟುವುದು ಅವರ ಪದ್ಧತಿ. ಒಣಗಿದ ಕಾಫಿ ಒಳಗೇ ಜರುಗಿ ಗರಗರ ಎನ್ನುತ್ತದೆ, ಹಸಿಯದು ಮಂಕಾಗಿ ಧಪ್ ಎನ್ನುತ್ತದೆ. ಆ ಸದ್ದು ಕೇಳಿ ಅವರು ಸೊಂಟವನ್ನು ಭಾರಕ್ಕೆ ಸಜ್ಜುಮಾಡಿಕೊಳ್ಳುತ್ತಿದ್ದರು. "ಏನ್ ಮಾರಾಯ, ನೀರು ಕುಡ್ಕಂಡ್ ಬಂದಿದೀಯಾ?" ಎಂದು ಮೂಟೆಯನ್ನೇ ಗದರಿಸಿದರೆ ಕಣದಲ್ಲಿದ್ದ ಹೆಂಗಸರೆಲ್ಲ ನಗುತ್ತಿದ್ದರು.

ಹೋದ ವರ್ಷ ಜನವರಿಯಲ್ಲಿ ಕಾಲವಲ್ಲದ ಕಾಲಕ್ಕೆ ಮಳೆ ಬಂತು. ಕಣದಲ್ಲಿ ಹರಡಿದ್ದ ಅರೆ ಒಣಗಿದ ಕಾಫಿಯನ್ನು ಸಿಕ್ಕಿದ ಚೀಲಗಳಿಗೆ ತುಂಬಿ, ಒಣಗಿದ ಮೂಟೆಗಳ ಜೊತೆಯಲ್ಲೇ ಒಟ್ಟಿದೆವು. "ತಟ್ತಾ ಕೂತ್ರೆ ಎಲ್ಲಾ ನೆನೆಯುತ್ತೆ, ಎತ್ತಿ ಬೇಗ!" ಎಂದು ಮೇಸ್ತ್ರಿ ಗಿರಿ ಕೂಗಿದ. ಅಂದು ಮೊದಲ ಸಲ ಭೂತಯ್ಯನವರು ತಟ್ಟದೆ ಎತ್ತಿದರು. ಅರ್ಧ ಎದ್ದವರು ಹಾಗೆಯೇ ನಿಂತುಬಿಟ್ಟರು, ಮುಖ ಬಿಳಿಚಿಕೊಂಡಿತು. ಏನಾಯಿತೆಂದು ಕೇಳಿದೆ. "ಏನಿಲ್ಲ, ಏನಿಲ್ಲ" ಎಂದವರು ಇನ್ನೂ ಹದಿಮೂರು ಮೂಟೆ ಹೊತ್ತು ಗೋಡೌನಿಗೆ ಹಾಕಿದರು. ಮರುದಿನ ಚಾಪೆಯಿಂದ ಏಳಲಾಗಲಿಲ್ಲ.

ಆ ಹದಿಮೂರು ಮೂಟೆಗಳೇ ಅವರ ವಿರುದ್ಧ ಸಾಕ್ಷಿಯಾದವು. ಪರಿಹಾರಕ್ಕಾಗಿ, ಇದು ಕೆಲಸದಲ್ಲಾದ ಪೆಟ್ಟು ಎಂದು ಬರೆದುಕೊಡಿರೆಂದು ಕೇಳಲು ಅವರ ಹೆಂಡತಿ ಭಾಗಮ್ಮ ಬಂಗಲೆಗೆ ಹೋದಾಗ ಸಾಹುಕಾರರು ಬೈಯಲಿಲ್ಲ, ಮೆಲ್ಲಗೇ ಕೇಳಿದರು: "ಪೆಟ್ಟಾಗಿದ್ರೆ ಆಮೇಲೆ ಹದಿಮೂರು ಮೂಟೆ ಹೊರೋಕಾಗ್ತಿತ್ತಾ ಭಾಗಮ್ಮ? ವಯಸ್ಸಾಯ್ತು, ಅಷ್ಟೆ."

"ನಿಮ್ ಕಾಫಿ ನೆನೀಬಾರ್ದು ಅಂತ ಹೊತ್ರು ಅಯ್ಯಾ" ಎಂದರು ಭಾಗಮ್ಮ.

ಲೆಕ್ಕದ ಪುಸ್ತಕ ಹಿಡಿದು ಅಲ್ಲೇ ನಿಂತಿದ್ದ ನನ್ನ ಕಡೆ ಸಾಹುಕಾರರು ತಿರುಗಿದರು. ಏನಿಲ್ಲ ಎಂದು ಭೂತಯ್ಯನವರೇ ಹೇಳಿದರು, ಎಂದೆ. ಅದು ಸುಳ್ಳಲ್ಲ. ಬಿಳಿಚಿದ ಮುಖದ ವಿಷಯವನ್ನು ಮಾತ್ರ ನಾನು ಹೇಳಲಿಲ್ಲ. ಕಾಗದ ಸಿಗಲಿಲ್ಲ.

ಈಗಲೂ ಮೂಟೆ ಸಾಗಿಸುವ ದಿನ ಭೂತಯ್ಯನವರು ವಾಲುತ್ತಲೇ ಬರುತ್ತಾರೆ. ಒಂದೊಂದನ್ನೂ ತಟ್ಟಿ, "ಇದು ಹಸಿ, ಇಬ್ರು ಹಿಡೀರಿ" ಎನ್ನುತ್ತಾರೆ. ಅವರಿಗೆ ಯಾರೂ ಆ ಕೆಲಸ ಹೇಳಿಲ್ಲ. ಒಮ್ಮೆ ಧೈರ್ಯ ಮಾಡಿ, "ಅಣ್ಣಾ, ಅವತ್ತು ನಾನು ಹೇಳ್ಬೇಕಿತ್ತು" ಎಂದೆ. ಚಿಕ್ಕಂದಿನಿಂದ ನನ್ನನ್ನು ಮಾರಾಯ ಎಂದೇ ಕರೆದವರು, "ಏನಿಲ್ಲ ಬಿಡಿ ರೈಟ್ರೇ" ಎಂದರು.

ಮೂಟೆಯ ಭಾರವನ್ನು ಸದ್ದಿನಲ್ಲೇ ತಿಳಿಯುವ ಇಂಥವರು ತಮ್ಮ ನೋವಿಗೆ ಸದ್ದು ಕೊಡುವುದಿಲ್ಲ. ಅವರು ಏನಿಲ್ಲ ಎಂದರೆ ನಾವು ನಂಬಿಬಿಡುತ್ತೇವೆ. ನಂಬುವುದರಲ್ಲಿ ನಮಗೆ ಹೊರಲು ಏನೂ ಇರುವುದಿಲ್ಲವಲ್ಲ.